ಸುಭದ್ರಮ್ಮನವರ ರದ್ದು ಚೀಟಿ

ನಮ್ಮ ಊರಿನಲ್ಲಿ ಕಾಗದದ ಬೆನ್ನಿಗೆ ಯಾರ ಹೆಸರು ಬರೆಯುತ್ತೇವೋ ಅವರಿಗಾಗಿ ಅದು ಮುಚ್ಚಿಕೊಳ್ಳುತ್ತದೆ. ಆಮೇಲೆ ಬರೆದವರೇ ಬಂದು ಎಳೆದರೂ ಬಿಚ್ಚುವುದಿಲ್ಲ, ಹರಿಯುವುದೂ ಇಲ್ಲ. ಹೆಸರಿನವರು ಅದನ್ನು ತುಟಿಯ ಹತ್ತಿರ ಹಿಡಿದು ತಮ್ಮ ಗುನುಗನ್ನು ಗುನುಗಿದರೆ ಮಾತ್ರ ಮಡಿಕೆಗಳು ಒಂದೊಂದಾಗಿ ಸಡಿಲವಾಗುತ್ತವೆ. ಹೆಸರು ಊರಿಗೆಲ್ಲ ಗೊತ್ತಿರಬೇಕು, ಗುನುಗು ಒಬ್ಬರಿಗೇ ಗೊತ್ತಿರಬೇಕು. ಇಷ್ಟು ಸಣ್ಣ ವಿಷಯವನ್ನು ಜನರ ತಲೆಗೆ ಹಾಕಲಿಕ್ಕೆ ಊರಿನಲ್ಲೊಂದು ಗುನುಗು ಕಚೇರಿ ಇದೆ, ಅದರಲ್ಲಿ ಹದಿನೇಳು ವರ್ಷದಿಂದ ನಾನಿದ್ದೇನೆ. ಪ್ರತಿ ಗುರುವಾರ ಹತ್ತರಿಂದ ಹನ್ನೆರಡರವರೆಗೆ ಆರಂಭಿಗರಿಗೆ ಪಾಠ ಹೇಳುತ್ತೇನೆ. ನರಹರಿ ಮೇಷ್ಟ್ರು ಎಂದರೆ ಎಲ್ಲರಿಗೂ ಗೊತ್ತು. ‘ಗುನುಗು: ಆಯ್ಕೆ, ಜೋಪಾನ, ರದ್ದತಿ’ ಎಂಬ ನೂರ ಹನ್ನೆರಡು ಪುಟದ ಕೈಪಿಡಿಯನ್ನು ಬರೆದವನೂ ನಾನೇ.

ಜನ ಮಾಡಿಕೊಳ್ಳುವ ಎಡವಟ್ಟುಗಳನ್ನು ನೋಡಿದರೆ ಇನ್ನೂ ನೂರು ಪುಟ ಬರೆಯಬಹುದಿತ್ತು. ಅಕ್ಕಸಾಲಿ ಮೋನಪ್ಪನವರು ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ದಿನದಿಂದ ಅವರ ಕಾಗದಗಳು ಅವರಿಗೇ ಬಿಚ್ಚುತ್ತಿರಲಿಲ್ಲ. ಸೆಟ್ಟು ತೆಗೆದಿಟ್ಟು ಗುನುಗಿ ಎಂದು ಹೇಳಲು ಮನೆಯವರಿಗೆ ಎಂಟು ತಿಂಗಳು ಬೇಕಾಯಿತು. ಸೂಲಗಿತ್ತಿ ನಿಂಗಮ್ಮ ತನ್ನ ಗುನುಗನ್ನೇ ಜೋಗುಳ ಮಾಡಿ ಊರಿನ ಮಕ್ಕಳನ್ನೆಲ್ಲ ಮಲಗಿಸಿದ್ದಳು. ಆ ಮಕ್ಕಳು ದೊಡ್ಡವರಾಗಿ ಈಗ ಅವಳ ಕಾಗದಗಳನ್ನು ಸಲೀಸಾಗಿ ಓದುತ್ತಾರೆ. ನಾನು ಇಂಥವನ್ನೆಲ್ಲ ಪಾಠದಲ್ಲಿ ಹೇಳುತ್ತಿದ್ದೆ. ಹೇಳುವಾಗ ನನ್ನ ಮುಖದಲ್ಲಿ, ನಾನಾದರೆ ಹೀಗೆಲ್ಲ ಮಾಡುವವನಲ್ಲ ಎಂಬ ಭಾವ ಇರುತ್ತಿತ್ತು ಎಂದು ಆಮೇಲೆ ತಿಳಿಯಿತು.

ನನ್ನ ಅತ್ತೆ ಸುಭದ್ರಮ್ಮನವರು ನನ್ನ ಪಾಠಕ್ಕೆ ಬಂದು ಕೂತಾಗ ಅವರಿಗೆ ಅರವತ್ತೆರಡು. ನಾನೂ ನನ್ನ ಹೆಂಡತಿ ವಾರಿಜಳೂ ಇರುವುದು ಅವರ ಮನೆಯಲ್ಲೇ. ಮಾವನವರು ಇದ್ದಷ್ಟು ದಿನ ಅತ್ತೆಗೆ ಬರುವ ಕಾಗದಗಳೂ ಮಾವನವರ ಹೆಸರಿಗೇ ಮುಚ್ಚಿಕೊಂಡು ಬರುತ್ತಿದ್ದವು. ಅವರು ಬಿಚ್ಚಿ, ತಾವು ಓದಿ, ಮನಸ್ಸಿಗೆ ಬಂದಷ್ಟನ್ನು ಅತ್ತೆಗೆ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಜೀವಮಾನದಲ್ಲೇ ಮೊದಲ ಸಲ ತಮ್ಮದೇ ಒಂದು ಗುನುಗು ಮಾಡಿಕೊಳ್ಳಲು ಕಚೇರಿಗೆ ಬಂದರು. ಹಿಂದಿನ ಬೆಂಚಿನಲ್ಲಿ ಕೂತು, ಮಡಿಲಲ್ಲಿ ಹುರುಳಿಕಾಯಿ ಇಟ್ಟುಕೊಂಡು ನಾರು ತೆಗೆಯುತ್ತಾ ಕೇಳಿಸಿಕೊಂಡರು.

“ಗುನುಗು ಎಷ್ಟು ಉದ್ದ ಇರ್ಬೇಕು ಮೇಷ್ಟ್ರೇ?” ಎಂದರು. ತರಗತಿಯಲ್ಲಿ ಅವರು ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

“ಉದ್ದ ಇದ್ದಷ್ಟೂ ಕ್ಷೇಮ.”

“ನಿಮ್ಮ ಪಾಠದಷ್ಟಾ?”

ಬೆಂಚುಗಳೆಲ್ಲ ನಕ್ಕವು. ನಾನು ಗಂಟಲು ಸರಿಮಾಡಿಕೊಂಡು ರದ್ದು ಚೀಟಿಯ ವಿಷಯಕ್ಕೆ ಬಂದೆ. ಗುನುಗು ಮಾಡಿಕೊಂಡ ದಿನವೇ, ನೆನಪು ಗಟ್ಟಿಯಿರುವಾಗಲೇ, ‘ಈ ಗುನುಗು ಇನ್ನು ನನ್ನದಲ್ಲ’ ಎಂದು ಒಂದು ಚೀಟಿ ಬರೆದು ಅದರ ಮೇಲೆ ಗುನುಗಬೇಕು. ಚೀಟಿಗೆ ನೀಲಿ ಅಂಚು ಮೂಡುತ್ತದೆ. ಮುಂದೆಂದಾದರೂ ಗುನುಗು ಮರೆತುಹೋದರೆ, ಅಥವಾ ಬೇರೆಯವರ ಪಾಲಾದರೆ, ಆ ಚೀಟಿಯನ್ನು ಚೌಕದ ಹಲಗೆಗೆ ತೂಗುಹಾಕಿದರೆ ಆಯಿತು, ಆ ಕ್ಷಣದಿಂದ ಯಾವ ಕಾಗದವೂ ಆ ಗುನುಗಿಗೆ ಮುಚ್ಚಿಕೊಳ್ಳುವುದಿಲ್ಲ. ಚೀಟಿಯನ್ನು ಬೇರೆ ಕಡೆ, ಯಾರೂ ಕೈ ಹಾಕದ ಜಾಗದಲ್ಲಿ ಇಡಬೇಕು, ಅದೇ ಗುನುಗಿನಿಂದ ಬಿಚ್ಚುವ ಲಕೋಟೆಯೊಳಗೆ ಮಾತ್ರ ಇಡಬಾರದು. ಗುನುಗು ಮರೆತಾಗ ಚೀಟಿಯೂ ಅದರೊಳಗೇ ಕೂತಿರುತ್ತದೆ. ಪ್ರತಿ ತಂಡದಲ್ಲೂ ಮೂರು ಜನ ಇದನ್ನೇ ಮಾಡುತ್ತಾರೆ. ಅತ್ತೆ ತಮ್ಮ ಚೀಟಿಯನ್ನು ಬರೆದು, ಸೆರಗಿನ ಮರೆಯಲ್ಲಿ ಗುನುಗಿ, ಎಲ್ಲಿಟ್ಟರೋ ಯಾರಿಗೂ ಹೇಳಲಿಲ್ಲ.

ಅದಾದ ಎರಡನೇ ವಾರದಿಂದ ಅವರಿಗೆ ಪ್ರತಿ ಮಂಗಳವಾರ ಒಂದು ಕಾಗದ ಬರತೊಡಗಿತು. ಅದನ್ನು ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿಸುತ್ತಿತ್ತು. ಸಣ್ಣ ನಗುವಲ್ಲ, ಮಧ್ಯೆ ಕೆಮ್ಮು ಬಂದು ನಿಂತು, ಮತ್ತೆ ಮೊದಲಿನಿಂದ ಶುರುವಾಗುವ ನಗು. ಹತ್ತು ವರ್ಷದಿಂದ ಒಂದೇ ಸೂರಿನಡಿ ಇದ್ದರೂ ನಾನು ಆ ನಗುವನ್ನು ಕೇಳಿರಲಿಲ್ಲ. ವಾರಿಜಳನ್ನು ಕೇಳಿದರೆ, “ಅಮ್ಮನ ಕಾಗದ, ಅಮ್ಮನ ನಗು. ನಿಮಗ್ಯಾಕೆ?” ಎಂದಳು. ಸರಿಯಾದ ಉತ್ತರವೇ. ನನ್ನ ಕೈಪಿಡಿಯ ಒಂಬತ್ತನೇ ಪುಟದಲ್ಲೂ ಹೆಚ್ಚುಕಡಿಮೆ ಅದೇ ಇದೆ.

ಆದರೆ ಐದನೇ ಮಂಗಳವಾರದ ಹೊತ್ತಿಗೆ ನನಗೆ ಊಟ ರುಚಿಸದಂತಾಗಿತ್ತು. ಅತ್ತೆ ಜಾಗರೂಕತೆಯ ಹೆಂಗಸು. ಗುನುಗುವ ಮುಂಚೆ ಅಡುಗೆಮನೆಯಲ್ಲಿ ಗ್ರೈಂಡರ್ ಹಾಕಿ ಬರುತ್ತಿದ್ದರು, ಅದರ ಗದ್ದಲದಲ್ಲಿ ಏನೂ ಕೇಳಿಸದಿರಲಿ ಎಂದು. ಇದೂ ನಾನೇ ಹೇಳಿಕೊಟ್ಟ ಉಪಾಯ. ಆರನೇ ಮಂಗಳವಾರ ನಾನು ಒಂದು ನೆಪ ಹೇಳಿ ಮನೆಯಲ್ಲೇ ಉಳಿದೆ. ಗ್ರೈಂಡರ್ ಶುರುವಾಯಿತು, ನಾನು ಹೋಗಿ ಪ್ಲಗ್ ಕಿತ್ತು ಮತ್ತೆ ಹಾಕಿದೆ. ಕರೆಂಟು ಹೋಗಿ ಬಂದಂತೆ, ನಾಲ್ಕೇ ಎಣಿಕೆಯ ಮೌನ. ಆ ಮೌನದಲ್ಲಿ ಕೋಣೆಯೊಳಗಿನಿಂದ ಬಂದದ್ದು ನನಗೆ ಚೆನ್ನಾಗಿ ಪರಿಚಯವಿದ್ದ ಸದ್ದು.

ಮಾವನವರು ನಶ್ಯ ಹಾಕುತ್ತಿದ್ದರು. ಸೀನು ಬರುವ ಮೊದಲು ಅವರು ತಲೆಯನ್ನು ಹಿಂದಕ್ಕೆ ಎತ್ತಿ, ಮೂಗಿನಲ್ಲೇ ಮೂರು ಎಳೆತ ಎಳೆಯುತ್ತಿದ್ದರು. ಮೊದಲನೆಯದು ಗಿಡ್ಡ, ಎರಡನೆಯದು ಉದ್ದ, ಮೂರನೆಯದು ಮೇಲೇರಿ ಮೇಲೇರಿ ಎಲ್ಲೋ ನಿಂತುಬಿಡುತ್ತಿತ್ತು. ಅಷ್ಟು ಹೊತ್ತು ಮನೆಯವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಾಯುತ್ತಿದ್ದೆವು. ಅತ್ತೆಯ ಗುನುಗು ಅದೇ, ಸೀನೊಂದನ್ನು ಬಿಟ್ಟು.

ಮರುದಿನ ಅವರು ತರಕಾರಿಗೆ ಹೋದಾಗ ಕೋಣೆಗೆ ನುಗ್ಗಿದೆ. ತಗಡಿನ ಡಬ್ಬಿಗೆ ಬೀಗವೂ ಇರಲಿಲ್ಲ, ತಾವಾಗಿಯೇ ಮುಚ್ಚಿಕೊಳ್ಳುವ ಕಾಗದಗಳಿಗೆ ಬೀಗ ಯಾಕೆ. ಮೇಲಿನದನ್ನು ತೆಗೆದು ತುಟಿಗೆ ಹಿಡಿದು ಮಾವನವರ ಮೂರು ಎಳೆತ ಎಳೆದೆ. ಎರಡು ಸಲ ತಪ್ಪಿತು. ಮೂರನೇ ಸಲ ಕಾಗದ ಬಿಚ್ಚಿತು, ಜೊತೆಗೆ ನನಗೆ ನಿಜವಾದ ಸೀನೂ ಬಂತು.

ಬರೆದವರು ಯಮುನಾಬಾಯಿ, ಅತ್ತೆಯ ಶಾಲೆಯ ಗೆಳತಿ, ಕೆರೆಯಂಚಿನ ಓಣಿಯವರು. ‘ಸುಭದ್ರೆ, ಮೂರು ದೋಣಿಗೂ ಬಣ್ಣ ಬಳಿದಾಯಿತು. ಇನ್ನು ನೀನು ಬಂದರೆ ಬಾಡಿಗೆಗೆ ಬಿಡುವುದೇ. ನೀರಿನ ಕಡೆಯ ಕೋಣೆ ನಿನ್ನದು, ಕಿಟಕಿಗೆ ಚಿಲಕ ಹಾಕಿಸಿದ್ದೇನೆ. ನಿನ್ನ ಅಳಿಯ ಉಪ್ಪು ಕೇಳುವಾಗಲೂ ಪೀಠಿಕೆ ಹಾಕುತ್ತಾನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಾನು ದೋಣಿಯಿಂದ ಬೀಳುವುದೊಂದು ಬಾಕಿ. ಮಗಳಿಗೆ ಯಾವಾಗ ಹೇಳುತ್ತೀ?’

ಎರಡು ವಿಷಯ ಒಟ್ಟಿಗೆ ನನ್ನ ಎದೆಗೆ ಬಡಿದವು. ಅತ್ತೆ ಮನೆ ಬಿಟ್ಟು ಹೋಗುತ್ತಾರೆ ಎಂಬುದು ಒಂದು. ನಾನು ಉಪ್ಪಿಗೆ ಪೀಠಿಕೆ ಹಾಕುತ್ತೇನೆಯೇ ಎಂಬುದು ಇನ್ನೊಂದು. ನಾಚಿಕೆಯಾದರೂ ಹೇಳುತ್ತೇನೆ, ಆ ಹೊತ್ತಿಗೆ ಎರಡನೆಯದೇ ಹೆಚ್ಚು ಉರಿಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆಯಿತ್ತು. “ಉಪ್ಪು” ಎಂದೆ, ಅಷ್ಟೇ. ಅತ್ತೆ ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸಿ, ಅದನ್ನು ಬಿಡದೆ ಹಾಗೇ ಹಿಡಿದುಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದರು.

ಮುಂದಿನ ವಾರದ ಕಾಗದದಲ್ಲಿ ಯಮುನಾಬಾಯಿಯ ಅಕ್ಷರ ಸ್ವಲ್ಪ ವಕ್ರವಾಗಿತ್ತು. ದೋಣಿಯಲ್ಲಿ ಕೂತು ಬರೆದಿರಬೇಕು ಅಂದುಕೊಂಡೆ. ‘ನಿನ್ನ ಅಳಿಯನನ್ನು ಚೌಕದಲ್ಲಿ ನೋಡಿದೆ. ಆ ಕಂದು ಸ್ವೆಟರಿನಲ್ಲಿ ಹಲಸಿನಹಣ್ಣಿನ ಹಾಗೆ ಕಾಣುತ್ತಾನೆ ಪಾಪ.’ ನಾನು ಸ್ವೆಟರನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅದರ ಮುಂದಿನ ವಾರ: ‘ನಮ್ಮ ಓಣಿಯ ವೈದ್ಯರು ಹೇಳುತ್ತಾರೆ, ಎಡಗಿವಿಯೊಂದಕ್ಕೇ ಹತ್ತಿ ಇಟ್ಟುಕೊಳ್ಳುವ ಗಂಡಸರಿಗೆ ತಲೆಗೂದಲು ಉದುರುವುದು ನಿಲ್ಲುತ್ತದಂತೆ. ಎಷ್ಟು ಸುಲಭ ನೋಡು.’ ನನ್ನ ತಲೆಯ ನಡುಭಾಗ ಆಗಲೇ ಬಯಲಾಗಿತ್ತು. ಮರುದಿನದಿಂದ ಎಡಗಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದೆ. ವಾರಿಜ ಕಿವಿನೋವಾ ಎಂದಳು, ಥಂಡಿ ಎಂದೆ. ಅತ್ತೆಯೋ, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು, ಅವತ್ತು ಮಂಗಳವಾರವಾಗಿರಲಿಲ್ಲ.

ಮುಂದಿನ ಗುರುವಾರ ಅವರು ಮತ್ತೆ ನನ್ನ ತರಗತಿಗೆ ಬಂದರು. ಈ ಸಲ ಮುಂದಿನ ಬೆಂಚು, ಕೈಯಲ್ಲಿ ಹುರುಳಿಕಾಯಿ ಇಲ್ಲ. ಹನ್ನೆರಡು ಹೊಸ ಆರಂಭಿಗರಿದ್ದರು. ನಾನು ಎಡಗಿವಿಯ ಹತ್ತಿಯೊಂದಿಗೆ ಪಾಠ ಶುರುಮಾಡುವಷ್ಟರಲ್ಲಿ ಅವರು ಕೈ ಎತ್ತಿದರು.

“ಮೇಷ್ಟ್ರೇ, ನನ್ನ ಗುನುಗು ಯಾರ ಕೈಗೋ ಸಿಕ್ಕಿದೆ ಅಂತ ಅನುಮಾನ ಬಂದ್ರೆ ಮೊದ್ಲು ಏನ್ ಮಾಡ್ಬೇಕು?”

“ಮೊದಲು… ಅನುಮಾನವನ್ನು ಖಚಿತಪಡಿಸಿಕೊಳ್ಳಬೇಕು.”

“ಪಡಿಸ್ಕೊಂಡೆ. ನನಗೆ ನಾನೇ ಎರಡು ಕಾಗದ ಬರ್ಕೊಂಡೆ, ಎಡಗೈಲಿ. ಓದಿದವ್ರು ಅದ್ರಲ್ಲಿದ್ದ ಹಾಗೇ ಮಾಡಿದ್ರು.”

ಹನ್ನೆರಡು ಜನರೂ ನನ್ನ ಕಿವಿಯನ್ನು ನೋಡುತ್ತಿದ್ದಾರೆ ಎಂದು ನನಗೆ ಅನಿಸಿತು. ಯಾರೂ ನೋಡುತ್ತಿರಲಿಲ್ಲ, ಅವರು ಬರೆದುಕೊಳ್ಳುತ್ತಿದ್ದರು.

“ಆಮೇಲೆ?” ಎಂದರು ಅತ್ತೆ.

“ಆಮೇಲೆ ಹೊಸ ಗುನುಗು ಮಾಡಿಕೊಳ್ಳಬೇಕು. ಹಳೆಯ ಕಾಗದಗಳನ್ನೆಲ್ಲ ಬಿಚ್ಚಿ ಹೊಸದಕ್ಕೆ ಮುಚ್ಚಬೇಕು, ಇಲ್ಲವೇ ಸುಡಬೇಕು. ಹಳೆಯ ಗುನುಗು ರದ್ದಾದರೂ ಹಳೆಯ ಕಾಗದಗಳು ಅದಕ್ಕೇ ಬಿಚ್ಚುತ್ತವೆ.”

“ಎರಡು ದಿನ ಕೂತು ಅದನ್ನೂ ಮಾಡ್ದೆ. ಬಿಚ್ಚಿ ಓದಿದವ್ರ ತಲೇಲಿ ಇರೋದನ್ನ ಏನ್ ಮಾಡ್ಬೇಕು? ಅದಕ್ಕೆ ನಿಮ್ಮ ಪುಸ್ತಕದಲ್ಲಿ ಏನಾದ್ರೂ ಇದೆಯಾ?”

“ಇಲ್ಲ,” ಎಂದೆ. ಹದಿನೇಳು ವರ್ಷದಲ್ಲಿ ನಾನು ಕೊಟ್ಟ ಅತಿ ಚಿಕ್ಕ ಉತ್ತರ ಅದು.

ಅತ್ತೆ ಎದ್ದು ನನ್ನ ಮೇಜಿನ ಹತ್ತಿರ ಬಂದರು. ಮೇಜಿನ ಮೇಲೆ ಮನೆಯಿಂದ ನಾನೇ ಹೊತ್ತು ತರುವ ನನ್ನ ಕೈಪಿಡಿ ಇತ್ತು. ಅದರ ಹಿಂದಿನ ರಟ್ಟಿನ ಹೊದಿಕೆಯೊಳಗೆ ಎರಡು ಬೆರಳು ತೂರಿಸಿ ನೀಲಿ ಅಂಚಿನ ಚೀಟಿಯನ್ನು ಎಳೆದು ತೆಗೆದರು. “ಯಾರೂ ಕೈ ಹಾಕದ ಜಾಗದಲ್ಲಿ ಇಡಿ ಅಂದಿದ್ರಿ,” ಎಂದರು ವಿನಯದಿಂದ. ಬೆಂಚುಗಳು ಹೋದ ಸಲಕ್ಕಿಂತ ಜೋರಾಗಿ ನಕ್ಕವು.

ರದ್ದತಿಗೆ ಒಂದು ಫಾರಂ ತುಂಬಬೇಕು. ಅದರಲ್ಲೊಂದು ಅಂಕಣ: ಕಾರಣ. ಮರೆವು, ಬದಲಾವಣೆ, ಕಳವು. ಕಳವು ಎಂದಾದರೆ ಗೊತ್ತಿದ್ದಲ್ಲಿ ಕದ್ದವರ ಹೆಸರು. ಆ ಹೆಸರು ಚೀಟಿಯ ಪಕ್ಕದಲ್ಲೇ ಒಂದು ವರ್ಷ ಚೌಕದ ಹಲಗೆಯ ಮೇಲಿರುತ್ತದೆ. ಕದ್ದವನು ಕಚೇರಿಯವನಾದರೆ ಅವತ್ತೇ ಮನೆಗೆ. ಅತ್ತೆ ಫಾರಂ ಹಿಡಿದು ನೀರಿನ ಕೊಳಗದ ಹತ್ತಿರ ನಿಂತಿದ್ದರು. ನಾನು ತರಗತಿ ಬಿಟ್ಟು ಅಲ್ಲಿಗೆ ಹೋದೆ. ಅವರು ಕಳವು ಎಂಬಲ್ಲಿ ಗುರುತು ಹಾಕಿ, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದರು.

“ಅತ್ತೆ, ತಪ್ಪಾಯ್ತು.”

“ಆಗಿದೆ. ಆದ್ರೆ ಕಾಗದದಲ್ಲಿ ಒಂದು ಮಾತು ನಿಜ, ನರಹರಿಗಳೇ. ದೋಣಿ ವಿಷಯ. ನಾನು ಹೋಗ್ತೀನಿ. ವಾರಿಜಾಗೆ ಹೇಳೋಕೆ ನನಗೆ ಧೈರ್ಯ ಸಾಲ್ತಿಲ್ಲ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಬಾಯಿವರೆಗೂ ಬರುತ್ತೆ, ಅಷ್ಟರಲ್ಲಿ ಅವಳು ನನ್ನ ಕಾಫಿಗೆ ಸಕ್ಕರೆ ಹಾಕಿ ಕಲೆಸಿ ಕೊಡ್ತಾಳೆ. ನೀವು ಹೇಳಿ. ನಿಮಗೆ ಮಾತು ಬರುತ್ತೆ. ಇವತ್ತು ಸಾಯಂಕಾಲದೊಳಗೆ ಹೇಳಿದ್ರೆ ಇಲ್ಲಿ ಬೇರೆ ಏನಾದ್ರೂ ಬರೀತೀನಿ.”

“ಹೇಳದಿದ್ದರೆ?”

“ನಿಮ್ಮ ಹೆಸರಿಗೆ ಎಷ್ಟು ಅಕ್ಷರ, ನಾಲ್ಕು ತಾನೆ?” ಎಂದು ಫಾರಂನ ಜಾಗವನ್ನು ಅಳತೆ ನೋಡಿದರು.

ಮನೆಗೆ ಹೋದೆ. ವಾರಿಜ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಾನು ಕೆರೆಯ ಗಾಳಿಯ ಗುಣದಿಂದ ಆರಂಭಿಸಿ, ವಯಸ್ಸಾದವರಿಗೆ ಸ್ವಂತ ಉದ್ಯೋಗ ಏಕೆ ಬೇಕು ಎಂಬುದನ್ನು ವಿವರಿಸಿ, ಒಟ್ಟು ಮೂರು ದೋಣಿ ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಒದ್ದೆ ಪಂಚೆಯನ್ನು ಬಕೆಟ್ಟಿಗೆ ಹಾಕಿ ತಿರುಗಿದಳು.

“ಯಾರು ಹೋಗ್ತಿರೋದು?”

“ಅತ್ತೆ.”

“ಅಮ್ಮನಿಗೆ ಈಜೋಕೆ ಬರಲ್ಲ.”

“ದೋಣಿ ಬಾಡಿಗೆಗೆ ಕೊಡೋರು ಈಜಬೇಕಾಗಿಲ್ಲ, ಅವರು ದಡದಲ್ಲಿ…”

“ಇದೆಲ್ಲ ನಿಮಗೆ ಹೇಗೆ ಗೊತ್ತು? ಅಮ್ಮ ನಿಮ್ಮ ಹತ್ರ ಹೇಳಿದ್ರಾ?”

ಇಲ್ಲಿ ಒಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಅವಳ ಕೆನ್ನೆಯ ಮೇಲೆ ಸೋಪಿನ ನೊರೆ ಇತ್ತು, ಕಣ್ಣು ನನ್ನ ಎಡಗಿವಿಯ ಮೇಲಿತ್ತು. ಎಲ್ಲ ಹೇಳಿಬಿಟ್ಟೆ: ಗ್ರೈಂಡರ್ ಪ್ಲಗ್, ಮಾವನವರ ಎಳೆತ, ಸ್ವೆಟರು. ಅವಳು ಮುಂದೆ ಬಂದು ನನ್ನ ಕಿವಿಯಿಂದ ಹತ್ತಿಯನ್ನು ಕಿತ್ತು ನೋಡಿದಳು. “ಕೂದಲಿಗಾ ಇದು?” ಎಂದಳು. ಮೊದಲು ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಸಣ್ಣದಾಯಿತು. “ಅಮ್ಮ ಯಮುನಕ್ಕನಿಗೆ ಹೇಳಿದ್ದಾರೆ. ನೀವು ಕದ್ದಾದ್ರೂ ಓದಿದ್ರಿ. ನನಗೊಬ್ಬಳಿಗೇ ಗೊತ್ತಿಲ್ಲ,” ಎಂದಳು. ನನ್ನ ಮೇಲಿನ ಕೋಪವನ್ನು ಅವಳು ಆಮೇಲೆ ವಿರಾಮವಾಗಿ, ಹದಿನೈದು ದಿನ ತೀರಿಸಿಕೊಂಡಳು. ಆವತ್ತು ಮಾತ್ರ ಸೀದಾ ಒಳಗೆ ಹೋಗಿ, ಆಗಷ್ಟೇ ಮನೆಗೆ ಬಂದಿದ್ದ ತಾಯಿಯ ಕೋಣೆಯ ಬಾಗಿಲು ತಳ್ಳಿದಳು. ಬಾಗಿಲು ಮುಚ್ಚಿಕೊಂಡಿತು. ನಾನು ಹಿತ್ತಲಿನಲ್ಲೇ ನಿಂತು ಉಳಿದ ಬಟ್ಟೆಗಳನ್ನು ಒಣಹಾಕಿದೆ. ಅವರು ಏನು ಮಾತಾಡಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಇಬ್ಬರ ಮೂಗೂ ಕೆಂಪಾಗಿತ್ತು. ದೋಣಿಗಳಿಗೆ ಯಾವ ಬಣ್ಣ ಎಂಬುದರ ಮೇಲೆ ಜಗಳ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಚೌಕದಲ್ಲಿ ರದ್ದತಿ. ನಿಯಮದ ಪ್ರಕಾರ, ಚೀಟಿ ತೂಗುಹಾಕಿದ ಮೇಲೆ ಹಳೆಯ ಗುನುಗು ನೆನಪಿರುವವರು ಅದನ್ನು ಎಲ್ಲರ ಎದುರು ಮೂರು ಸಲ ಗುನುಗಬೇಕು, ಅದನ್ನೇ ಇನ್ನೊಬ್ಬರು ಅರಿಯದೆ ಆರಿಸಿಕೊಳ್ಳದಿರಲಿ ಎಂದು. ಕಚೇರಿಯ ಮುಖ್ಯಸ್ಥ ಮುಕುಂದರಾಯರು ಫಾರಂ ಓದಿದರು. ಓದಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಕದ್ದವರ ಹೆಸರು, ಮನೆಯ ಬೆಕ್ಕು. ಅಮ್ಮಾ, ಬೆಕ್ಕಿಗೆ ಗುನುಗೋಕೆ ಬರುತ್ತಾ?”

“ನಮ್ಮನೇದಕ್ಕೆ ಬರುತ್ತೆ. ಪಾಠಾನೂ ಹೇಳುತ್ತೆ,” ಎಂದರು ಅತ್ತೆ.

ಮುಕುಂದರಾಯರು ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡದಿರಲು ಅವರು ಪಟ್ಟ ಕಷ್ಟವನ್ನು ಮಾತ್ರ ಎಲ್ಲರೂ ನೋಡಿದರು. ಫಾರಂಗೆ ಮೊಹರು ಬಿತ್ತು.

ಅತ್ತೆ ಹಲಗೆಯ ಮುಂದೆ ನಿಂತು ತಲೆಯನ್ನು ಹಿಂದಕ್ಕೆ ಎತ್ತಿದರು. ಗಿಡ್ಡ, ಉದ್ದ, ಮೂರನೆಯದು ಮೇಲೇರಿ ನಿಂತಿತು. ಚೌಕದಲ್ಲಿ ಮಾವನವರನ್ನು ನಲವತ್ತು ವರ್ಷ ನೋಡಿದ್ದ ಜನರಿದ್ದರು. ಎಲೆ ಅಡಿಕೆಯ ಬಸಣ್ಣ ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದೇ ನಿಂತ. ಕ್ಷೌರದಂಗಡಿಯ ಬಾಗಿಲಲ್ಲಿ ಕತ್ತರಿ ನಿಂತಿತು. ಎಲ್ಲರೂ ಬರಲಿರುವ ಸೀನಿಗೆ ಕಾಯುತ್ತಿದ್ದರು. ಅದು ಬರಲಿಲ್ಲ. ಎರಡನೇ ಸಲವೂ ಬರಲಿಲ್ಲ. ಮೂರನೇ ಸಲ ಮುಗಿದಾಗ ಮುದುಕರೊಬ್ಬರು ತಡೆಯಲಾರದೆ “ನೂರು ವರ್ಷ” ಎಂದು ಸಣ್ಣ ದನಿಯಲ್ಲಿ ಹಾರೈಸಿಬಿಟ್ಟರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ವಾರಿಜ ಹೋಗಿ ಅವರ ಪಕ್ಕದಲ್ಲಿ ನಿಂತಳು. ನಾನು ಹಲಗೆಯ ಕಡೆ ನೋಡುತ್ತಿದ್ದೆ, ಬೇರೆಲ್ಲೂ ನೋಡುವ ಹಾಗಿರಲಿಲ್ಲ.

ಶನಿವಾರ ಅವರ ಟ್ರಂಕನ್ನು ನಾನೇ ಹೊತ್ತು ಕೆರೆಯಂಚಿಗೆ ಬಿಟ್ಟು ಬಂದೆ. ಯಮುನಾಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಲಸಿನಹಣ್ಣು ಅಂತ ನಾನು ಬರೆದಿರ್ಲಿಲ್ಲಪ್ಪ,” ಎಂದು ಕಾಫಿ ಕೊಟ್ಟರು.

ಮಂಗಳವಾರ ಒಂದು ಕಾಗದ ಬಂತು. ಬೆನ್ನಿಗೆ ನನ್ನ ಹೆಸರಿತ್ತು. ಬಾಗಿಲು ಹಾಕಿಕೊಂಡು ಗುನುಗಿ ಬಿಚ್ಚಿದೆ. ‘ಅಳಿಯಂದಿರಿಗೆ ಆಶೀರ್ವಾದಗಳು. ಮೊದಲ ದಿನವೇ ಎರಡು ದೋಣಿ ಹೋದವು, ಎರಡೂ ವಾಪಸು ಬಂದವು. ಈಗ ನಿಮ್ಮ ವಿಷಯ. ನೀವು ಬೀದಿ ಜಗಲಿಯಲ್ಲಿ ಕೂತು ಗಡ್ಡ ಬೋಳಿಸಿಕೊಳ್ಳುವಾಗ ಎಡ ಕೆನ್ನೆ ಮುಗಿದು ಬಲ ಕೆನ್ನೆಗೆ ಹೋಗುವ ಮಧ್ಯೆ ನಿಮ್ಮ ಗುನುಗು ಗುನುಗುತ್ತೀರಿ. ದಿನಾ. ಎಂಟು ವರ್ಷದಿಂದ. ಮುಕುಂದರಾಯರು ನಿಮ್ಮ ಕೈಪಿಡಿಯನ್ನು ಇಪ್ಪತ್ತು ಪುಟಕ್ಕೆ ಇಳಿಸಿ ಎಂದು ಮೂರು ಸಲ ಬರೆದದ್ದನ್ನು ಮನೆಯಲ್ಲಿ ನೀವು ಹೇಳಲಿಲ್ಲ, ನಾನೂ ಹೇಳಿಲ್ಲ. ಬೇಗ ಬದಲಾಯಿಸಿಕೊಳ್ಳಿ.’

ಕಾಗದ ಹಿಡಿದುಕೊಂಡು ವಾರಿಜಳ ಹತ್ತಿರ ಓಡಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತದೆ, “ನನಗೂ ಗೊತ್ತು. ಇಪ್ಪತ್ತು ಪುಟ ಸಾಕು,” ಎಂದಳು.

ನನ್ನ ರದ್ದು ಚೀಟಿಯನ್ನು ಹುಡುಕಿದೆ. ಅದು ನನ್ನದೇ ಹೆಸರಿಗೆ ಮುಚ್ಚಿದ್ದ ಲಕೋಟೆಯೊಳಗೆ ಇತ್ತು, ಸದ್ಯ ಗುನುಗು ಮರೆತಿರಲಿಲ್ಲ. ಗುರುವಾರ ತರಗತಿಗೆ ಹೋಗಿ, ಪೀಠಿಕೆ ಇಲ್ಲದೆ, ಇವತ್ತು ಪಾಠ ಚೌಕದಲ್ಲಿ ಎಂದು ಹೇಳಿ ಹನ್ನೆರಡು ಜನರನ್ನೂ ಕರೆದುಕೊಂಡು ಹೊರಟೆ. ಕಾರಣದ ಅಂಕಣದಲ್ಲಿ ಕಳವು ಎಂದು ಬರೆಯಲು ಮನಸ್ಸಾಗಲಿಲ್ಲ, ಎಂಟು ವರ್ಷ ನಾನೇ ಪುಕ್ಕಟೆ ಹಂಚಿದ್ದನ್ನು ಯಾರು ಕದಿಯುತ್ತಾರೆ. ಬದಲಾವಣೆ ಎಂದು ಬರೆದೆ. ಮುಕುಂದರಾಯರು ಮೊಹರು ಹಾಕಿದರು. ಚೀಟಿಯನ್ನು ಹಲಗೆಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ಒಂದು ಸಲ ಗುನುಗಿದೆ.

ಎರಡನೇ ಸಲ ಗುನುಗುವಾಗ ಕ್ಷೌರದಂಗಡಿಯಿಂದ ಒಂದು ದನಿ ಜೊತೆಗೂಡಿತು. ಆಮೇಲೆ ಎಲೆ ಅಡಿಕೆ ಬಸಣ್ಣನದು, ಹೂವಿನ ಬುಟ್ಟಿಯವಳದು, ಅಂಚೆಯವನದು, ನಮ್ಮ ಓಣಿಯ ಶಾಲೆ ಮಕ್ಕಳದು. ಎಲ್ಲಿ ಎಳೆಯಬೇಕು, ಎಲ್ಲಿ ಇಳಿಸಬೇಕು ಎಂಬುದು ಒಬ್ಬರಿಗೂ ತಪ್ಪಲಿಲ್ಲ. ಹನ್ನೆರಡು ಆರಂಭಿಗರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಮೂರನೇ ಸಲ ನಾನು ಗುನುಗಬೇಕಾಗಿಯೇ ಬರಲಿಲ್ಲ.